ಕಡಂಗ

ಪಾದ್ರಿಗಳು ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ಭಾನುವಾರ
ಲೈನುಮನೆಗಳ ಹಿಂದಿನ ಕಾಫಿ ಕಣದಲ್ಲಿ
ಜ್ಞಾನೋಪದೇಶ ನನ್ನ ಪಾಲು.
ನಾನು ಚೆಕ್‌ರೋಲ್ ರೈಟರ್. ದೇವಶಾಸ್ತ್ರ ಓದಿದವನಲ್ಲ.
ಹಾಜರಿ ಕೂಗುವ ಗಂಟಲಿನಲ್ಲೇ
ವಿಶ್ವಾಸ ಸಂಗ್ರಹ ಹೇಳಿಕೊಡುತ್ತೇನೆ.
ಹನ್ನೊಂದು ಮಕ್ಕಳು ಹಿಂದೆ ಹಿಂದೆ ಹೇಳುತ್ತವೆ,
ಅರ್ಧ ನಿದ್ದೆ, ಅರ್ಧ ಕೋಳಿಸಾರಿನ ಧ್ಯಾನ.

ಚೌರಪ್ಪನ ಮಗಳು ಲೂರ್ದುಮೇರಿ ಮಾತ್ರ ನಡುವೆ ಕೈ ಎತ್ತುತ್ತಾಳೆ.
“ಸಾರ್, ಪಿಲಾತ ಯಾಕೆ ಇದರಲ್ಲಿ?
ತಾಯಿಯ ಹೆಸರಿದೆ, ಸರಿ. ಪೇತ್ರನದಿಲ್ಲ.
ಶಿಲುಬೆಗೆ ಹೆಗಲು ಕೊಟ್ಟ ಸಿಮೋನನದೂ ಇಲ್ಲ.
ಕೈ ತೊಳೆದುಕೊಂಡವನಿಗೆ ವಾರ ವಾರ
ನಾವು ಹಾಜರಿ ಹಾಕಬೇಕಾ?”

ಚೆಕ್‌ರೋಲ್ ತೆರೆದು ತೋರಿಸಿದೆ.
ನೋಡು, ನಿನ್ನಮ್ಮ ಮೆಣಸು ಬಿಡಿಸಿದ್ದು ನಿಜ,
ಬೆರಳು ಕಪ್ಪಾದದ್ದು ನಿಜ.
ಯಾವ ದಿನ, ಯಾವ ಬ್ಲಾಕು, ಯಾವ ಮೇಸ್ತ್ರಿಯ ಕೆಳಗೆ
ಅಂತ ಬರೆಯದಿದ್ದರೆ ಶನಿವಾರದ ಬಟವಾಡೆಯಲ್ಲಿ
ಆ ದಿನ ನಡೆದೇ ಇಲ್ಲ.
ಪಿಲಾತ ಅಂದರೆ ತಾರೀಖು, ಮಗೂ.
ಒಂದಾನೊಂದು ಕಾಲದಲ್ಲಿ ಅಲ್ಲ,
ಇಂಥವನ ಅಧಿಕಾರದಲ್ಲಿ, ಇಂಥ ಶುಕ್ರವಾರ
ಒಬ್ಬನಿಗೆ ನಿಜವಾಗಿ ನೋವಾಯಿತು.

ಅವಳು ತಲೆಯಾಡಿಸಲಿಲ್ಲ.
ಕೂಡಿದ ಲೆಕ್ಕ ಎಲ್ಲೋ ತಪ್ಪಿದೆ ಎಂಬಂತೆ
ನನ್ನನ್ನೇ ನೋಡಿದಳು.

*

ತೋಟದ ಆಚೆ, ಅಮ್ಮತ್ತಿ ಕಡೆಗೆ, ಹಳೆಯ ಕಡಂಗವಿದೆ.
ಯಾರು ತೋಡಿಸಿದರೋ, ಯಾರ ದಂಡಿಗೆ ಹೆದರಿಯೋ,
ಗುದ್ದಲಿ ಹಿಡಿದವರ ಹೆಸರು ಮಣ್ಣಿಗೂ ನೆನಪಿಲ್ಲ.
ಯುದ್ಧ ಮುಗಿಯಿತು, ತೋಡಿದ್ದು ಉಳಿಯಿತು.
ತಳದಲ್ಲೀಗ ಜರಿಗಿಡ, ಮುಳ್ಳುಹಂದಿಯ ಬಿಲ.
ಮಂಜಿಳಿದ ಸಂಜೆ ದಾರಿ ತಪ್ಪಿದವರು
ಅದರ ಅಂಚು ಹಿಡಿದು ನಡೆದರೆ
ಹೇಗೋ ಸಿದ್ದಾಪುರದ ರಸ್ತೆ ಸಿಗುತ್ತದೆ.

ನಮ್ಮ ಪೂಜೆಯ ದೊಡ್ಡ ದೊಡ್ಡ ಪದಗಳೂ ಹೀಗೇ ಇರಬೇಕು.
ಜನಿಸಿದವನು, ಸೃಷ್ಟಿಯಾದವನಲ್ಲ:
ಇಷ್ಟು ಮಾತಿಗೆ ಯಾರೋ ಊರು ಬಿಟ್ಟಿದ್ದಾರೆ,
ಅಣ್ಣತಮ್ಮಂದಿರು ಒಲೆ ಬೇರೆ ಮಾಡಿದ್ದಾರೆ.
ದೇವರನ್ನು ಒಳಗೆ ಕೂಡಿಹಾಕಲಿಕ್ಕೆ ತೋಡಿದ್ದು ಅಂದರೆ
ನಗು ಬರುತ್ತದೆ.
ಕಂಪನಿಯವರು ಜೆಸಿಬಿ ತಂದು ತೋಡಿಸಿದ ಆನೆಕಂದಕವನ್ನೇ
ಒಂಟಿ ಸಲಗ, ಅಂಚಿನ ಮಣ್ಣು ಕಾಲಲ್ಲಿ ಕೆಡವಿ ಕೆಡವಿ
ಇಳಿಜಾರು ಮಾಡಿಕೊಂಡು, ಮೂರನೇ ರಾತ್ರಿ ದಾಟಿತು.
ಬೆಳಿಗ್ಗೆ ನೋಡಿದರೆ ಸಿಗಿದ ಬಾಳೆ, ಬಿಸಿ ಲದ್ದಿ.

*

ಅದೇ ಸಲಗ ಮಾರ್ಚಿನಲ್ಲಿ
ಸ್ಪ್ರಿಂಕ್ಲರ್ ಪೈಪು ಬದಲಿಸಲು ಹೋದ ಇನ್ನಾಸಪ್ಪನನ್ನು

ಸಾಲು ಅಲ್ಲಿಗೇ ಬಿಡುತ್ತೇನೆ. ಹೋಲಿಕೆಯೂ ಅಲ್ಲಿಗೇ ಮುರಿಯಿತು.
ದೇವರಿಗೆ ಆನೆಯನ್ನು ಹೋಲಿಸಿದವನು
ಆ ಚಾಪೆ ಬಿಚ್ಚಿ ನೋಡಬಾರದು.

ಗೋರಿಗುಡ್ಡ. ಸುತ್ತ ಕಾಫಿ ಹೂವು
ಬೆಳ್ಳಗೆ, ಘಮ್ಮೆಂದು, ನಾಚಿಕೆಯಿಲ್ಲದೆ.
ವಿರಾಜಪೇಟೆಯಿಂದ ಪಾದ್ರಿಗಳು ಬರುವುದು ತಡ.
ಅಂತೋಣಮ್ಮ ಅಳಲಿಲ್ಲ. ಬಾಯಿ ತೆರೆಯುತ್ತಿತ್ತು,
ಮಾತು ಬರುತ್ತಿರಲಿಲ್ಲ.
ನನ್ನಲ್ಲೂ ಇರಲಿಲ್ಲ.
ಹಾಗಾಗಿ ನನ್ನದಲ್ಲದ್ದನ್ನು ಶುರುಮಾಡಿದೆ,
ಅದೇ ಹಾಜರಿಯ ಗಂಟಲಿನಲ್ಲಿ.
ಮಕ್ಕಳು ಹಿಂದೆ ಬಂದರು. ಹೆಂಗಸರು ಬಂದರು.
ಪಿಲಾತನ ಹತ್ತಿರ ಅವಳ ತುಟಿ ಕದಲಿತು.
‘ಸತ್ತು’ ಎಂಬಲ್ಲಿ ದನಿ ಬಂತು.
‘ಹೂಳಲ್ಪಟ್ಟು’ ಎಂಬಲ್ಲಿ ನಮ್ಮೆಲ್ಲರಿಗಿಂತ ಜೋರಾಗಿ.
ಮೂರನೆಯ ದಿನಕ್ಕೆ ಅವಳು ಬರಲಿಲ್ಲ,
ನಿಂತುಬಿಟ್ಟಳು, ಅಂಚಿನಲ್ಲಿ ನಿಂತ ಹಾಗೆ.
ಉಳಿದದ್ದನ್ನು ಅವಳ ಪರವಾಗಿ
ನಾವು ಹೇಳಿ ಮುಗಿಸಿದೆವು.

*

ಮುಂದಿನ ಭಾನುವಾರ ಲೂರ್ದುಮೇರಿ ನೋಟುಪುಸ್ತಕ ತಂದಳು.
ಪೂರ್ತಿ ಬರೆದಿದ್ದಾಳೆ, ಉರುಟು ಅಕ್ಷರ,
ಪಿಲಾತನ ಕೆಳಗೆ ಕೆಂಪು ಗೆರೆ,
ಮಗ್ಗುಲಲ್ಲಿ ಪೆನ್ಸಿಲಿನಲ್ಲಿ, ಚಿಕ್ಕದಾಗಿ:
ಇನ್ನಾಸಪ್ಪ. ಮಾರ್ಚ್ ಹದಿನೇಳು. ನಾಲ್ಕನೇ ಬ್ಲಾಕು.
ಮೇಸ್ತ್ರಿಯ ಹೆಸರಿಗೆ ಜಾಗ ಬಿಟ್ಟಿದ್ದಾಳೆ.

ಅಳಿಸು ಅನ್ನಬೇಕಿತ್ತು ನಾನು.
ಅದು ಹಾಜರಿ ಪುಸ್ತಕವಲ್ಲವಲ್ಲ.
ಪೆನ್ಸಿಲ್ ಮೊಂಡಾಗಿತ್ತು.
ಚೂಪು ಮಾಡಿ ಕೊಟ್ಟೆ.